ಪಾಯ ತೆಗೆಯುವ ಮೊದಲು
ಬೀಳಗಿ, ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ: ಹಳ್ಳಿಯ ಮನೆ ಪರವಾನಗಿಯ ಬೆನ್ನು ಹತ್ತಿ

ಜಮಖಂಡಿಯಲ್ಲಿ ತಹಶೀಲ್ದಾರ್ ಕಚೇರಿಗಿಂತ ಮೊದಲು ಬಾಗಿಲು ತೆರೆಯುವುದು ಅದರ ಸುತ್ತಲಿನ ಝೆರಾಕ್ಸ್ ಅಂಗಡಿಗಳು. ಬಾಂಡ್ ಬರೆಯುವವರು ಟೇಬಲ್ ಒರೆಸಿ, ಠಸ್ಸೆಯ ಪ್ಯಾಡಿಗೆ ಶಾಯಿ ಹಾಕಿ, ಮೊದಲ ಚಹಾ ತರಿಸುವಷ್ಟರಲ್ಲಿ ಸಾವಳಗಿ, ಹುನ್ನೂರ, ತುಬಚಿ ಕಡೆಯ ಬಸ್ಸಿನಿಂದ ಇಳಿದವರು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಬರತೊಡಗುತ್ತಾರೆ. ಚೀಲದಲ್ಲಿ ಉತಾರ (ಪಹಣಿ), ಮಾಸಿದ ಖರೀದಿ ಪತ್ರ, ಆಧಾರ್ ಕಾರ್ಡು, ಪಂಚಾಯಿತಿಗೆ ಕರ ತುಂಬಿದ ಪಾವತಿ. ಬಂದವರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: ‘ಹೊಲದಾಗ ಮನಿ ಕಟ್ಟಬೇಕ್ರಿ, ಏನೇನ್ ಮಾಡ್ಸಬೇಕು?’

ಪ್ರಶ್ನೆ ಸಣ್ಣದು. ಉತ್ತರ ಮಾತ್ರ ಗ್ರಾಮ ಪಂಚಾಯಿತಿ, ಭೂಮಾಪನ, ಕಂದಾಯ, ನಗರ ಯೋಜನೆ, ಉಪನೋಂದಣಿ ಕಚೇರಿ ಹೀಗೆ ಐದು ಬಾಗಿಲುಗಳಲ್ಲಿ ಹಂಚಿಹೋಗಿದೆ. ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಕೃಷ್ಣೆ, ಘಟಪ್ರಭೆಯರ ನೀರು ಒಂದು ಕಡೆ, ಕಬ್ಬು ಮತ್ತು ಮಗ್ಗದ ದುಡ್ಡು ಇನ್ನೊಂದು ಕಡೆ ಮನೆಗಳನ್ನು ಹಳೆಯ ಊರಿನಿಂದ ಹೊಲಕ್ಕೆ ತಳ್ಳುತ್ತಿವೆ. ಮನೆ ಹೊರಟಷ್ಟು ಬೇಗ ಕಾಗದ ಹೊರಡುವುದಿಲ್ಲ. ಆ ಅಂತರದಲ್ಲೇ ವಕೀಲರ ಕೆಲಸ ಹುಟ್ಟುತ್ತದೆ.

ಒಬ್ಬ ವಕೀಲರ ಟೇಬಲ್ ಪಕ್ಕ ಕುಳಿತು ಕೇಳಿಸಿಕೊಂಡೆ. ನದಿ ದಂಡೆಯ ಹಳ್ಳಿಯ ರೈತರೊಬ್ಬರು ಉತಾರ ಮುಂದಿಟ್ಟರು. ವಕೀಲರು ಮೊದಲು ಬೆರಳಿಟ್ಟದ್ದು ಮಾಲೀಕರ ಹೆಸರಿರುವ 9ನೇ ಕಾಲಮ್ಮಿಗೆ.

‘ಹೊಲ ನಿಮ್ದ ಅಂತೀರಿ, ಇದರಾಗ ನಿಮ್ಮ ಹೆಸರ ಎಲ್ಲೈತ್ರಿ ಕಾಕಾ?’

‘ನಮ್ಮ ಅಪ್ಪಂದ ಐತಲ್ರಿ ಸಾಹೇಬ್ರ. ಅಂವ ಹೋಗಿ ಭಾಳ ವರ್ಷಾತು.’

‘ಅಪ್ಪಾವ್ರ ಸಂಗಡ ಇನ್ನಿಬ್ರ ಹೆಸರೂ ಅದಾವ. ವಾಟ್ನಿ ಆಗೇತೇನು?’

‘ಬಾಯ್ಲೆ ಆಗೇತ್ರಿ. ಬದು ಹಾಕೇವಿ. ತಕರಾರ ಏನಿಲ್ಲ.’

‘ಅಕ್ಕ-ತಂಗ್ಯಾರು ಎಷ್ಟ ಮಂದಿ?’

ರೈತರು ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮೂವರು. ಒಬ್ಬರು ಅಥಣಿ ಕಡೆ, ಒಬ್ಬರು ಮಿರಜ್‌ನಲ್ಲಿ, ಇನ್ನೊಬ್ಬರು ತೀರಿಕೊಂಡು ಅವರ ಮಕ್ಕಳಿದ್ದಾರೆ. ವಕೀಲರ ಬೆರಳು 11ನೇ ಕಾಲಮ್ಮಿಗೆ ಸರಿಯಿತು. ಅಲ್ಲಿ ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) ಸಾಲದ ಬೋಜಾ, ಅಂದರೆ ಋಣಭಾರ. ಸಾಲ ತೀರಿದೆಯಂತೆ, ಬೋಜಾ ಇಳಿಸಿಲ್ಲ. ಒಂದೇ ಹಾಳೆಯಲ್ಲಿ ಮೂರು ಕೆಲಸ ಕಂಡವು: ತಂದೆಯ ಹೆಸರಿನಿಂದ ವಾರಸಾ ಮಾಡಿಸುವುದು, ಬಾಯಿಮಾತಿನ ವಾಟ್ನಿಯನ್ನು (ಪಾಲನ್ನು) ನೋಂದಣಿ ಮಾಡಿ ಪೋಡಿ (ಅಳತೆ ಮಾಡಿ ಬೇರೆ ಹಿಸ್ಸೆ) ಮಾಡಿಸುವುದು, ಬೋಜಾ ಕಡಿಮೆ ಮಾಡಿಸುವುದು. ಮನೆ ಪರವಾನಗಿಯ ಮಾತು ಇನ್ನೂ ಶುರುವೇ ಆಗಿರಲಿಲ್ಲ.

ಹೆಣ್ಣುಮಕ್ಕಳ ಸಹಿ ಬರೀ ಸೌಜನ್ಯದ ಮಾತಲ್ಲ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಮಗಳನ್ನು ಪಿತ್ರಾರ್ಜಿತ ಆಸ್ತಿಯ ಪಾಲುದಾರಳನ್ನಾಗಿ ಮಾಡಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದಿತು. ಅಣ್ಣ ತಮ್ಮಂದಿರು ತಮ್ಮತಮ್ಮೊಳಗೆ ಹಂಚಿಕೊಂಡು ಕಟ್ಟಿದ ಮನೆಗೆ ಸ್ಲ್ಯಾಬ್ ಬಿದ್ದ ಮೇಲೆ ತಡೆಯಾಜ್ಞೆ ಬರುವುದು ಹೆಚ್ಚಾಗಿ ಈ ದಾರಿಯಲ್ಲೇ.

ಕಾಗದದ ತೊಡಕು ಇನ್ನೂ ಹಿಂದಕ್ಕೆ ಹೋಗುತ್ತದೆ. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, 1948ರಲ್ಲಿ ವಿಲೀನವಾಯಿತು. ಮುಂಬೈ ರಾಜ್ಯದಿಂದ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ದಾಖಲೆಗಳಲ್ಲಿ ಆ ಕಾಲ ಇನ್ನೂ ಉಳಿದಿದೆ. ಪಾಟೀಲಕಿ, ವಾಲೀಕಾರಕಿಯ ವತನ ಜಮೀನುಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಮರುಮಂಜೂರಾದವು. ಇಂಥ ಜಮೀನಿನ ಪರಭಾರೆಗೆ ಕಾಯ್ದೆ ಷರತ್ತು ಹಾಕಿದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಇನ್ನೂ ಬಿಗಿ: ಸರ್ಕಾರದ ಅನುಮತಿ ಇಲ್ಲದ ಮಾರಾಟವೇ ಅಸಿಂಧು. ಕೊಂಡ ಜಾಗದಲ್ಲಿ ಮನೆ ಕಟ್ಟುವವರು ಹಿಂದಿನ ಖರೀದಿ ಪತ್ರ ಒಂದನ್ನೇ ನೋಡಿ ಸುಮ್ಮನಾಗಬಾರದು. ಆ ಜಮೀನು ಮೊದಲು ಯಾರಿಗೆ, ಯಾವ ಷರತ್ತಿನ ಮೇಲೆ ಬಂತು ಎಂದು ಹಳೆಯ ಫೇರಫಾರಿನವರೆಗೆ (ಹಕ್ಕು ಬದಲಾವಣೆಯ ದಾಖಲೆ) ಹೋಗಿ ನೋಡಬೇಕು.

ಇನ್ನು ಪರವಾನಗಿಯ ನಿಜವಾದ ದಾರಿ. ಜಾಗ ಗಾವಠಾಣದ, ಅಂದರೆ ಊರಿನ ವಸತಿ ಗೆರೆಯ, ಒಳಗಿದ್ದರೆ ದಾರಿ ಹತ್ತಿರದ್ದು. ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಲ್ಲಿ ಆಸ್ತಿ ದಾಖಲೆಗಳಾದ ಫಾರ್ಮ್ 9 ಮತ್ತು 11ಎ ತೆಗೆಸಿ, ನಕಾಶೆ ಇಟ್ಟು, 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಡಿ ಕಟ್ಟಡ ಪರವಾನಗಿ ಕೇಳಬೇಕು. ಇ-ಸ್ವತ್ತು 2013ರಿಂದ ಇದೆ. ಮನೆಗಳ ಅಳತೆಗೆ ಈಗ ಸ್ವಾಮಿತ್ವ ಯೋಜನೆಯ ಡ್ರೋನ್ ಸರ್ವೆಯೂ ಸೇರಿಕೊಂಡಿದೆ. 2020ರಲ್ಲಿ ಅದನ್ನು ಆರಂಭಿಸಿದಾಗ ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಗಾವಠಾಣದ ಗೆರೆ ದಾಟಿದರೆ ನೆಲ ಕೃಷಿ ಜಮೀನು. ಅಲ್ಲಿ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಎದುರು ನಿಲ್ಲುತ್ತದೆ. ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಕಚೇರಿಯಲ್ಲಿ ಇದು ಭೂಪರಿವರ್ತನೆ, ಊರ ಬಾಯಲ್ಲಿ ಎನ್.ಎ., ಹಿರಿಯರಿಗೆ ಇಂದಿಗೂ ಬಿನ್‌ಶೇತ್ಕಿ. ಅರ್ಜಿ ಆನ್‌ಲೈನ್. ಜೊತೆಗೆ ಉತಾರ, ಫೇರಫಾರು, ಅಫಿಡವಿಟ್ಟು, ಸರ್ವೆ ನಂಬರಿನ ಒಂದು ತುಂಡಿಗೆ ಮಾತ್ರ ಕೇಳುವುದಾದರೆ 11ಇ ನಕಾಶೆ. ಆದೇಶ ಬಂದ ಮೇಲೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಿಂದ ಅಥವಾ ಯೋಜನಾ ಪ್ರಾಧಿಕಾರದಿಂದ ನಕ್ಷೆಗೆ ಒಪ್ಪಿಗೆ. ಆಮೇಲೆ ಫಾರ್ಮ್ 9, ಆಮೇಲೆ ಪರವಾನಗಿ. ಅನುಮತಿ ಇಲ್ಲದೆ ಕಟ್ಟಿದರೆ 96ನೇ ಕಲಂ ದಂಡಕ್ಕೂ ತೆರವಿಗೂ ಬಾಗಿಲು ತೆರೆದಿಟ್ಟಿದೆ.

ರೈತನಿಗೆ ಒಂದು ರಿಯಾಯಿತಿ ಇದೆ, ಅದನ್ನು ಬಹಳ ಮಂದಿ ತಪ್ಪಾಗಿ ತಿಳಿದಿದ್ದಾರೆ. ತನ್ನ ಹೊಲದಲ್ಲಿ ಒಕ್ಕಲುತನಕ್ಕೆ ಬೇಕಾದ ಕಟ್ಟಡ, ಅಂದರೆ ದನದ ಕೊಟ್ಟಿಗೆ, ಮೇವು, ಗೊಬ್ಬರ, ಸಾಮಾನು ಇಡುವ ಶೆಡ್, ತಾನು ಮತ್ತು ಹೊಲದ ಆಳು ಇರುವ ತೋಟದ ಮನೆ, ಬಾವಿ, ಇವುಗಳಿಗೆ ಪರಿವರ್ತನೆ ಬೇಡ. ವಿಸ್ತಾರಕ್ಕೆ ಮಿತಿ ಇದೆ. ಅದೇ ತೋಟದ ಮನೆಯ ಮುಂದೆ ಧಾಬಾ ಇಟ್ಟರೆ, ಗೋದಾಮು ಮಾಡಿ ಬಾಡಿಗೆಗೆ ಕೊಟ್ಟರೆ ಅಂದೇ ರಿಯಾಯಿತಿ ಮುಗಿಯಿತು.

ಬೀಳಗಿಗೆ ಬಂದರೆ ಕಾಗದದ ಭಾಷೆಯೇ ಬದಲಾಗುತ್ತದೆ. ಇಲ್ಲಿ ವಾಟ್ನಿಗಿಂತ ಹೆಚ್ಚು ಕಿವಿಗೆ ಬೀಳುವ ಮಾತು ‘ಮುಳುಗಡೆ’. ಘಟಪ್ರಭೆ ಕೃಷ್ಣೆಯನ್ನು ಸೇರುವುದು ಇದೇ ತಾಲ್ಲೂಕಿನ ಚಿಕ್ಕಸಂಗಮದಲ್ಲಿ, ಅಂದಮೇಲೆ ಆಲಮಟ್ಟಿಯ ಹಿನ್ನೀರು ಎರಡೂ ಹೊಳೆಗಳ ದಂಡೆಗುಂಟ ಮೇಲೇರಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು 519.60 ಮೀಟರಿಗೆ ನೀರು ನಿಲ್ಲಿಸಿದಾಗ ಈ ತಾಲ್ಲೂಕಿನ ಎಷ್ಟೋ ಊರುಗಳು ದಂಡೆ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಎತ್ತರವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯದಾದರೆ 40 ಲಕ್ಷ, ಒಣ ಬೇಸಾಯದ್ದಾದರೆ 30 ಲಕ್ಷ ರೂಪಾಯಿ ದರ ನಿಗದಿ ಮಾಡಿತು.

ಈ ಹಿನ್ನೆಲೆಯಲ್ಲಿ ಬೀಳಗಿ ತಾಲ್ಲೂಕಿನಲ್ಲಿ ಮನೆ ಕಟ್ಟುವವರು ಕೇಳಬೇಕಾದ ಮೊದಲ ಪ್ರಶ್ನೆಯೇ ಬೇರೆ: ನನ್ನ ಸರ್ವೆ ನಂಬರು ಸ್ವಾಧೀನದ ಅಧಿಸೂಚನೆಯಲ್ಲಿ ಇದೆಯೇ? 2013ರ ಭೂಸ್ವಾಧೀನ ಕಾಯ್ದೆಯ 11ನೇ ಕಲಮಿನ ಪ್ರಾಥಮಿಕ ಅಧಿಸೂಚನೆ ಹೊರಟ ದಿನದಿಂದ ಆ ಜಮೀನನ್ನು ಮಾರುವಂತಿಲ್ಲ, ಅದರ ಮೇಲೆ ಹೊಸ ಬೋಜಾ ಹೇರುವಂತಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಅಂಥ ಪ್ಲಾಟು ಕೊಂಡವರಿಗೆ ಪರಿವರ್ತನೆಯೂ ಇಲ್ಲ, ನಾಳಿನ ಪರಿಹಾರದಲ್ಲಿ ಹೆಸರೂ ಇಲ್ಲ.

ಎರಡನೆಯದು, ಈಗಾಗಲೇ ಪುನರ್ವಸತಿ ಕೇಂದ್ರದಲ್ಲಿ ಇರುವವರ ತೊಡಕು. ಹಕ್ಕುಪತ್ರ ಕೊಟ್ಟದ್ದು ಅಜ್ಜನ ಹೆಸರಿಗೆ. ಅಜ್ಜ ಇಲ್ಲ, ಪ್ಲಾಟಿನಲ್ಲಿ ಇಬ್ಬರು ಮೊಮ್ಮಕ್ಕಳು ಎರಡು ಒಲೆ ಹೂಡಿದ್ದಾರೆ. ಅಲ್ಲಿ ಭೇಟಿಯಾದ ಹಿರಿಯ ಹೆಣ್ಣುಮಗಳು ಟ್ರಂಕಿನಿಂದ ತೆಗೆದು ತೋರಿಸಿದ ಹಕ್ಕುಪತ್ರ ಮಡಿಕೆ ಮಡಿಕೆಗೂ ಹರಿದಿತ್ತು. ಹರಿದಲ್ಲೆಲ್ಲ ಹಿಂದಿನಿಂದ ಕ್ಯಾಲೆಂಡರಿನ ಕಾಗದ ಅಂಟಿಸಿದ್ದರು. ಪ್ಲಾಟ್ ನಂಬರು ಇದ್ದ ಜಾಗದಲ್ಲೇ ಅಂಟು ಕುಳಿತು ಅಂಕಿ ಮಸುಕಾಗಿತ್ತು. ‘ಇದ ಒಂದ ನಮ್ಗ ಊರ ಹೋಗಿದ್ದಕ್ಕ ಕೊಟ್ಟಿದ್ರಿ ಯಪ್ಪಾ’ ಎಂದರು. ಇಂಥವರಿಗೆ ವಕೀಲರು ಹೇಳುವುದು: ಹಕ್ಕುಪತ್ರದ ದೃಢೀಕೃತ ನಕಲು ಪುನರ್ವಸತಿ ಕಚೇರಿಯಿಂದ ತೆಗೆಸಿ, ವಾರಸಾ ಪ್ರಮಾಣಪತ್ರ ಇಟ್ಟು ಪಂಚಾಯಿತಿಯಲ್ಲಿ ಹೆಸರು ಬದಲಿಸಿ, ಫಾರ್ಮ್ 9 ತೆಗೆಸಿ. ಸರ್ಕಾರ ಹಂಚಿದ ನಿವೇಶನವಾದ್ದರಿಂದ ಇದಕ್ಕೆ ಮತ್ತೆ ಎನ್.ಎ. ಬೇಡ. ಬೇಡವಾದದ್ದಕ್ಕೆ ದುಡ್ಡು ಕೇಳುವ ಮಧ್ಯವರ್ತಿಗಳೂ ಇದ್ದಾರೆ ಎಂಬುದಕ್ಕೇ ಈ ಮಾತು ಬರೆಯಬೇಕಾಯಿತು.

ರಬಕವಿ-ಬನಹಟ್ಟಿಯಲ್ಲಿ ಯಾವ ಓಣಿಗೆ ಕಾಲಿಟ್ಟರೂ ಕಿವಿಗೆ ಬೀಳುವುದು ಪವರ್‌ಲೂಮಿನ ಸದ್ದು. ಹಿಂದೆ ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿಯದು. ಈಗ ಒಂದೇ ನಗರಸಭೆ. 2018ರಲ್ಲಿ ಇದು ಪ್ರತ್ಯೇಕ ತಾಲ್ಲೂಕಾಗಿ ಕೆಲಸ ಆರಂಭಿಸಿತು. ಅದಕ್ಕೆ ಮೊದಲಿನ ಕಡತ ಬೇಕಾದರೆ ಜಮಖಂಡಿ ದಾರಿ ಹಿಡಿಯಬೇಕಾದದ್ದೂ ಉಂಟು. ನಗರಸಭೆಯೊಳಗಿನ ಮನೆಗೆ ಸಿಟಿ ಸರ್ವೆ ಉತಾರ, ಇ-ಖಾತೆ. ಆದರೆ ಮಗ್ಗಗಳು ನಗರದ ಗೆರೆಯೊಳಗೆ ನಿಂತಿಲ್ಲ. ಜಗದಾಳ, ನಾವಲಗಿ, ಚಿಮ್ಮಡ, ಹಳಿಂಗಳಿ ಕಡೆಯ ಹೊಲಗಳ ಅಂಚಿನಲ್ಲೂ ತಗಡಿನ ಶೆಡ್ಡುಗಳು ಎದ್ದಿವೆ.

ನೋಡಿದ ಒಂದು ಮನೆ ಹೀಗಿತ್ತು: ಮುಂದಿನ ಅರ್ಧದಲ್ಲಿ ಮಗ್ಗಗಳು, ನಡುವೆ ಕಂಡಿಕೆ ಸುತ್ತುವ ಜಾಗ, ಹಿಂದೆ ಅಡುಗೆಮನೆ. ಗೋಡೆ ಒಂದೇ, ಮೀಟರು ಎರಡು. ಮನೆಯಾಕೆ ಕಂಡಿಕೆ ಸುತ್ತುತ್ತಲೇ ಹೇಳಿದರು: ‘ಸಾಲಕ್ಕ ಹೋದ್ರ ಇದು ಮನಿಯೋ ಕಾರ್ಖಾನಿಯೋ ಅಂತ ಕೇಳ್ತಾರ್ರಿ ಅಣ್ಣಾರ. ಎರಡೂ ಹೌದು ಅಂದ್ರ ಕಾಗದ ಎಲ್ಲೈತಿ ಅಂತಾರ.’

ಕಾನೂನಿನ ಕಣ್ಣಲ್ಲೂ ತೊಡಕು ಇದೇ. ಮಗ್ಗದ ಶೆಡ್ಡು ಒಕ್ಕಲುತನದ ಕಟ್ಟಡವಲ್ಲ, ರೈತನ ರಿಯಾಯಿತಿ ಅದಕ್ಕೆ ಹೊಂದುವುದಿಲ್ಲ. ವಾಸಕ್ಕೆಂದು ಪಡೆದ ಪರಿವರ್ತನೆ ಉದ್ಯಮಕ್ಕೆ ತಾನಾಗಿ ಸಲ್ಲುವುದಿಲ್ಲ. ಅರ್ಜಿಯಲ್ಲಿ ಉದ್ದೇಶದ ಕಾಲಂ ತುಂಬುವಾಗ ‘ವಾಸ’ ಎಂದಷ್ಟೇ ಬರೆದು ಮಗ್ಗ ಹಾಕಿದವರು ಸಾಲ, ವಿಮೆ, ಸಬ್ಸಿಡಿ ಕೇಳುವ ಹೊತ್ತಿಗೆ ಸಿಕ್ಕಿಬೀಳುತ್ತಾರೆ. ಸಣ್ಣ ಉದ್ಯಮಕ್ಕೆ ಇರುವ ವಿನಾಯಿತಿಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ದಿನದ ನಿಯಮವನ್ನೇ ಕೇಳಿ ತಿಳಿಯುವುದು ಲೇಸು.

ಮುಧೋಳದ ದಾರಿಯಲ್ಲಿ ಮಹಾಲಿಂಗಪುರ ದಾಟಿದರೆ ಎರಡೂ ಬದಿಗೆ ಕಬ್ಬು. ಕಬ್ಬಿನ ನಡುನಡುವೆ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಬಣ್ಣದ ಬೋರ್ಡು ನಿಲ್ಲಿಸಿದ ಪ್ಲಾಟುಗಳು. ಸಕ್ಕರೆ ಕಾರ್ಖಾನೆಗಳು, ಲೋಕಾಪುರ ಕಡೆಯ ಸುಣ್ಣಕಲ್ಲು, ಸಿಮೆಂಟು ಇವೆಲ್ಲ ಸೇರಿ ಇಲ್ಲಿ ನೆಲಕ್ಕೆ ಬೆಲೆ ತಂದಿವೆ. ಬೋರ್ಡಿನ ಮೇಲೆ ‘ಎನ್.ಎ. ಪ್ಲಾಟ್’ ಎಂದಿದ್ದರೆ ಸಾಲದು. ಕೇಳಬೇಕಾದ ಕಾಗದ ನಾಲ್ಕು: ಜಿಲ್ಲಾಧಿಕಾರಿಯ ಪರಿವರ್ತನೆ ಆದೇಶ, ಅನುಮೋದಿತ ಲೇಔಟ್ ನಕ್ಷೆ, ರಸ್ತೆ ಮತ್ತು ಉದ್ಯಾನದ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಪತ್ರ, ಆ ಪ್ಲಾಟಿನದೇ ಫಾರ್ಮ್ 9 ಮತ್ತು 11ಎ. ಇವು ಇಲ್ಲದೆ ‘ಗುಂಟೆ ಲೆಕ್ಕ’ದಲ್ಲಿ ಕೊಂಡರೆ ಕೊಂಡದ್ದು ಪ್ಲಾಟನ್ನಲ್ಲ, ಕೃಷಿ ಉತಾರದಲ್ಲಿ ಹತ್ತಾರು ಮಂದಿಯ ನಡುವೆ ಒಂದು ಜಂಟಿ ಹೆಸರನ್ನು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾಗಿ, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿಯಾಯಿತು. ಅದರಿಂದ ಕೊಳ್ಳುವ ಹಕ್ಕು ಸಿಕ್ಕಿತೇ ಹೊರತು ಕಟ್ಟುವ ಹಕ್ಕಲ್ಲ. 2025ರ ಪಂಚಾಯತ್ ರಾಜ್ ತಿದ್ದುಪಡಿಯ ಮೇಲೂ ಇದೇ ಬಗೆಯ ತಪ್ಪು ತಿಳಿವಳಿಕೆ ಹಬ್ಬಿದೆ. ಅನುಮತಿ ಇಲ್ಲದೆ ಎದ್ದ ಕಟ್ಟಡಗಳನ್ನೂ ತೆರಿಗೆಗೆ ಒಳಪಡಿಸಿ ಫಾರ್ಮ್ 11ಬಿ ಕೊಡಲು ಅದು ದಾರಿ ಮಾಡಿದೆ. ‘ಇ-ಸ್ವತ್ತು ಸಿಕ್ಕಿತು, ಸಕ್ರಮ ಆಯಿತು’ ಎಂದು ಪೇಢೆ ಹಂಚಿದವರಿದ್ದಾರೆ. 11ಬಿ ತೆರಿಗೆಯ ದಾಖಲೆ. ಅದು ಪರಿವರ್ತನೆಯ ಆದೇಶವಲ್ಲ.

ಮುಧೋಳದ ಘಟಪ್ರಭಾ ದಂಡೆಯ ಮಿರ್ಜಿ, ಮಳಲಿ, ಒಂಟಗೋಡಿ, ಜಮಖಂಡಿಯ ಕೃಷ್ಣಾ ದಂಡೆಯ ಮುತ್ತೂರ, ಶೂರ್ಪಾಲಿ, ಕಂಕಣವಾಡಿಗಳಿಗೆ ಕಾಗದದ ಬೆಲೆ ತಿಳಿದದ್ದು 2019ರ ಆಗಸ್ಟಿನ ಮಹಾಪೂರದಲ್ಲಿ. ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು, ಅದೂ ಕೆಲಸ ಮುಗಿದಂತೆ ಕಂತುಗಳಲ್ಲಿ. ಬಿದ್ದ ಮನೆ ಯಾರದೆಂದು ಊರಿಗೆಲ್ಲ ಗೊತ್ತು, ಪಂಚಾಯಿತಿಯ ವಹಿಗೆ ಗೊತ್ತಿಲ್ಲ. ಹೆಸರಿದ್ದವ ವಲಸೆ ಹೋಗಿದ್ದಾನೆ, ಇದ್ದವನಿಗೆ ಹೆಸರಿಲ್ಲ. ಅಂಥ ಕಡೆ ಅಣ್ಣ ತಮ್ಮಂದಿರ ಸಂಬಂಧ ಗೋಡೆಗಿಂತ ಮೊದಲು ಬಿದ್ದಿತು.

ಇಷ್ಟೆಲ್ಲ ತೊಡಕಿನಲ್ಲಿ ಬಡವ ವಕೀಲರಿಗೆ ಕೊಡುವ ಫೀ ಎಲ್ಲಿಂದ ತರಬೇಕು? ಉತ್ತರ ನ್ಯಾಯಾಲಯದ ಆವರಣದಲ್ಲೇ ಇದೆ, ಬೋರ್ಡೂ ಇದೆ, ಒಳಗೆ ಹೋಗುವವರು ಕಡಿಮೆ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ನಾಲ್ಕೂ ಕಡೆ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನೆರೆಯಂಥ ವಿಪತ್ತಿನ ಸಂತ್ರಸ್ತರು ಇವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಉಳಿದವರಿಗೆ ಆದಾಯದ ಮಿತಿ ಇದೆ.

ಹೆಚ್ಚು ಮಂದಿಗೆ ತಿಳಿಯದ ಮಾತು ಇನ್ನೊಂದಿದೆ. ಆ ಕಾಯ್ದೆಯಲ್ಲಿ ‘ನ್ಯಾಯಾಲಯ’ ಎಂದರೆ ಕಂದಾಯ ನ್ಯಾಯಾಲಯವೂ ಸೇರುತ್ತದೆ. ಉತಾರದಲ್ಲಿ ಹೆಸರು ತಪ್ಪಾಗಿ ಏರಿದ್ದಕ್ಕೆ ಭೂಕಂದಾಯ ಕಾಯ್ದೆಯ 136(2)ರಡಿ ಉಪವಿಭಾಗಾಧಿಕಾರಿ ಮುಂದೆ, ಅಲ್ಲಿಂದ 136(3)ರಡಿ ಜಿಲ್ಲಾಧಿಕಾರಿ ಮುಂದೆ ಹೋಗುವವರೂ ಈ ನೆರವು ಕೇಳಬಹುದು. ಪಂಚಾಯಿತಿ ಪರವಾನಗಿ ನಿರಾಕರಿಸಿದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೇಲ್ಮನವಿ ಹಾಕಬೇಕು. ನಿರಾಕರಣೆಯನ್ನು ಬಾಯಿಮಾತಿನಲ್ಲಿ ಒಪ್ಪಿಕೊಂಡು ಮನೆಗೆ ಬಂದರೆ ಮೇಲ್ಮನವಿಗೆ ಆಧಾರವೇ ಇರುವುದಿಲ್ಲ, ನಿರಾಕರಣೆಯ ಲಿಖಿತ ಹಿಂಬರಹ ಕೇಳಿ ಪಡೆಯಬೇಕು. ಅರ್ಜಿ ಕೊಟ್ಟಾಗ ‘ಸಕಾಲ’ ಯೋಜನೆಯ ಸ್ವೀಕೃತಿ ಸಂಖ್ಯೆ ಇಸಿದುಕೊಂಡರೆ ತಡವಾದದ್ದನ್ನು ತೋರಿಸಲು ಕೈಯಲ್ಲಿ ಪುರಾವೆ ಇರುತ್ತದೆ.

ವಾಟ್ನಿಯ ಜಗಳಕ್ಕೆ ಲೋಕ ಅದಾಲತ್ ಒಳ್ಳೆಯ ದಾರಿ. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ, ದಾವೆಗೆ ತುಂಬಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಆದರೆ ಡಿಕ್ರಿಯ ನಕಲು ಟ್ರಂಕಿನಲ್ಲಿಟ್ಟರೆ ಉತಾರ ಬದಲಾಗುವುದಿಲ್ಲ. ಅದನ್ನು ಹಿಡಿದು ಮತ್ತೆ ಕಂದಾಯ ಕಚೇರಿಗೆ ಹೋಗಿ ಫೇರಫಾರು ಮಾಡಿಸಬೇಕು.

ನಾಲ್ಕು ಊರು ತಿರುಗಿ ಕಂಡದ್ದು ಇಷ್ಟು. ನಿಯಮ ಕಠಿಣ ಎಂಬ ದೂರಿನಲ್ಲಿ ಸತ್ಯವಿದೆ, ಐದು ಕಚೇರಿಯ ಕೆಲಸ ಒಂದು ಕಿಟಕಿಗೆ ಬರಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಇಲ್ಲಿನ ಹೆಚ್ಚಿನ ಮನೆಗಳು ತೊಡಕಿಗೆ ಬೀಳುವುದು 95ನೇ ಕಲಮಿನಿಂದಲ್ಲ, ಸತ್ತವರ ಹೆಸರಿನಲ್ಲೇ ಉಳಿದ ಉತಾರದಿಂದ, ನೋಂದಣಿಯಾಗದ ವಾಟ್ನಿಯಿಂದ. ಇಟ್ಟಂಗಿಗೆ ಮುಂಗಡ ಕೊಡುವ ಮೊದಲು ಉತಾರ ತೆಗೆಸಿ ಒಬ್ಬ ವಕೀಲರಿಗೆ ತೋರಿಸಿ. ಮನೆಯ ತೊಂದರೆಗೆ ಅತಿ ಕಡಿಮೆ ಖರ್ಚಿನಲ್ಲಿ ಪರಿಹಾರ ಸಿಗುವ ಕಾಲ ಅದೊಂದೇ. ಫೀ ಕೊಡಲು ಆಗದಿದ್ದರೆ ನಿಮ್ಮ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಡಿ, ಅಥವಾ 15100ಕ್ಕೆ ಫೋನ್ ಮಾಡಿ. ಆ ಕರೆಗೆ ದುಡ್ಡಿಲ್ಲ.